ಹಿತ್ತಲಿಗೆ ಹಾಸಿದ ಫರಸಿ

ಡಿಸೆಂಬರಿನ ಮೊದಲ ವಾರದಲ್ಲಿ ಒಂದು ಮುಂಜಾನೆ, ನಾನಿನ್ನೂ ಮೊದಲ ಚಹಾ ಮುಗಿಸಿರಲಿಲ್ಲ, ಟೊರಾಂಟೊದಿಂದ ಫೋನು ಬಂದಿತು. ಮಾಡಿದವಳು ನನ್ನ ಹಳೆಯ ವಿದ್ಯಾರ್ಥಿನಿ. ಏಳನೆಯ ಇಯತ್ತೆಯಲ್ಲಿ ಕಿಟಕಿಯ ಪಕ್ಕದ ಸಾಲಿನಲ್ಲಿ ಕುಳಿತು ಪಾಠಕ್ಕಿಂತ ಹೆಚ್ಚಾಗಿ ಬೇವಿನ ಮರದ ಗಿಳಿಗಳನ್ನೇ ನೋಡುತ್ತಿದ್ದ ಹುಡುಗಿ. ಈಗ ಇಬ್ಬರು ಮಕ್ಕಳ ತಾಯಿ. ಇಷ್ಟು ವರ್ಷ ಪರದೇಶದಲ್ಲಿದ್ದರೂ ನನ್ನೊಡನೆ ಮಾತನಾಡುವಾಗ ನಮ್ಮ ಸೀಮೆಯ ಮಾತನ್ನು ಬಿಟ್ಟಿಲ್ಲ.

"ಸರ್, ಇಲ್ಲೆ ಐದು ಹೊಡಿಯೂದ್ರಾಗ ಕತ್ತಲಾಕ್ಕೈತ್ರಿ. ಹೊರಗ ಹಿಮ. ಹುಡುಗೂರು ಸಾಲಿ ಬಿಟ್ಟು ಬಂದ್ರ ಮಲಗೂತನಕಾ ಮೊಬೈಲ್ ಹಿಡ್ಕೊಂಡು ಕುಂದರ್ತಾವ. ಮನಿಯೊಳಗ ಕುಂತು ಎಲ್ಲಾರೂ ಕೂಡಿ ಮಾಡೂವಂಥಾದ್ದು ಏನರ ಹೇಳ್ರಿ. ನೀವು ಮಾಸ್ತರು, ನಿಮಗ ಗೊತ್ತಿರತೈತಿ."

ವಿಚಾರ ಮಾಡಿ ಬರೆಯುತ್ತೇನೆ ಎಂದೆ. ಬರೆಯಲು ಕುಳಿತಾಗಲೆಲ್ಲ ಅವಳಿಗೆ ಹೇಳಬೇಕಾದ ಮಾತಿಗಿಂತ ನಾನು ಒಪ್ಪಿಕೊಳ್ಳಬೇಕಾದ ಮಾತುಗಳೇ ಮುಂದೆ ಬಂದು ನಿಂತವು. ಹೀಗಾಗಿ ಉತ್ತರ ತಡವಾಯಿತು, ಸಂಕ್ರಾಂತಿಯೇ ಮುಗಿದುಹೋಯಿತು. ಅವಳಲ್ಲಿ ಚಳಿ ಮಾರ್ಚಿನವರೆಗೂ ಇರುತ್ತದೆಂದು ಕೇಳಿದ್ದೇನೆ, ಆದ್ದರಿಂದ ಪೂರ್ತಿ ವ್ಯರ್ಥವಾಗಲಾರದು.

ಮೊದಲು ನಮ್ಮ ಚಳಿಗಾಲದ ಮಾತು. ಯಮನೂರಿನ ಚಳಿ ಟೊರಾಂಟೊದ ಚಳಿಯಂತೆ ಮನುಷ್ಯನನ್ನು ಮನೆಯೊಳಗೆ ಕೂಡಿಹಾಕುವಂಥದಲ್ಲ. ಬೆಳಗಿನ ಜಾವ 15 ಡಿಗ್ರಿಯ ಆಸುಪಾಸಿಗೆ ಇಳಿದರೆ ನಾವು ಕಿವಿಗೆ ಮಫ್ಲರು ಸುತ್ತಿಕೊಂಡು ಬಿಸಿಲು ಹುಡುಕುತ್ತ ಕಟ್ಟೆಗೆ ಹೋಗುವವರು. ನಮ್ಮನ್ನು ಕೂಡಿಹಾಕುವುದು ಮಳೆಗಾಲ. ಎರೆಭೂಮಿಯಲ್ಲಿ ಮಳೆ ಬಿದ್ದ ಮೇಲೆ ಹೆಜ್ಜೆಯಿಟ್ಟರೆ ಕಾಲಿಗೆ ಸೇರುಗಟ್ಟಲೆ ಮಣ್ಣು ಮೆತ್ತಿಕೊಳ್ಳುತ್ತದೆ. ಬೆಣ್ಣಿಹಳ್ಳ ಏರಿತೆಂದರೆ ಹೊಲವೂ ಇಲ್ಲ, ಹಾದಿಯೂ ಇಲ್ಲ. ದಸರೆಯ ಹೊತ್ತಿಗೆ ಆ ಮಣ್ಣು ಹದಕ್ಕೆ ಬರುತ್ತದೆ. ಆಗ ಹಿಂಗಾರಿ ಬಿತ್ತನೆ: ಬಿಳಿಜೋಳ, ಕಡಲೆ, ಕುಸುಬೆ, ಗೋಧಿ. ಆಮೇಲೆ ಒಂದು ಹನಿ ಮಳೆ ಬೀಳದಿದ್ದರೂ ಮಣ್ಣು ಹೊಟ್ಟೆಯಲ್ಲಿಟ್ಟುಕೊಂಡ ತೇವ ಮತ್ತು ಇಬ್ಬನಿಯಲ್ಲೇ ಪೈರು ಬೆಳೆಯುತ್ತದೆ. ಜಗತ್ತಿನ ಬಹುಭಾಗಕ್ಕೆ ಚಳಿಗಾಲವೆಂದರೆ ಎಲೆ ಉದುರುವ ಕಾಲ. ನಮಗೆ ಅದೇ ಹಸಿರಿನ ಕಾಲ.

ನಮ್ಮ ಸೀಮೆಯ ಊಟವೂ ಈ ಕಾಲದಲ್ಲಿಯೇ ತುಂಬಿ ಬರುತ್ತದೆ. ಜೋಳದ ರೊಟ್ಟಿಯ ಪಕ್ಕಕ್ಕೆ ಹಸಿ ಹಕ್ಕರಿಕೆ, ಎಳೆಯ ಮೂಲಂಗಿ, ಮೆಂತ್ಯದ ಸೊಪ್ಪು, ಉಳ್ಳಾಗಡ್ಡಿಯ ತಪ್ಪಲು. ಮೇಲೆ ಗುರೆಳ್ಳಿನ ಚಟ್ನಿಪುಡಿ, ಕೆನೆಮೊಸರು. ಕಡಲೆಯ ಗಿಡ ಗೇಣುದ್ದವಾದಾಗ ಅದರ ಕುಡಿ ಚಿವುಟಿ ಪಲ್ಯ ಮಾಡುತ್ತಾರೆ. ಚಿವುಟಿದರೆ ಗಿಡಕ್ಕೂ ಒಳ್ಳೆಯದು, ಕವಲು ಹೆಚ್ಚುತ್ತವೆ. ಆ ಎಲೆಯ ಹುಳಿ ಎಲ್ಲಿಂದ ಬರುತ್ತದೆಂದು ತರಗತಿಯಲ್ಲಿ ನಾನು ಕೇಳುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಎಲೆಯ ಮೇಲಿನ ಸಣ್ಣ ರೋಮಗಳು ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲಗಳನ್ನು ಸ್ರವಿಸುತ್ತವೆ. ಅದು ಇಬ್ಬನಿಯಲ್ಲಿ ಕರಗುತ್ತದೆ. ನಮ್ಮ ಅಜ್ಜಿ ಆಮ್ಲಗಳ ಹೆಸರು ಅರಿಯದವಳು. ಆದರೆ ರಾತ್ರಿ ಕಡಲೆಯ ಹೊಲದ ಮೇಲೆ ಮಡಿಬಟ್ಟೆ ಹಾಸಿ, ನಸುಕಿನಲ್ಲಿ ಹಿಂಡಿ, ಆ ಹುಳಿನೀರನ್ನು ಸೀಸೆಯಲ್ಲಿ ತುಂಬಿಟ್ಟುಕೊಂಡು ವರ್ಷವಿಡೀ ಹೊಟ್ಟೆನೋವಿಗೆ ಕೊಡುತ್ತಿದ್ದಳು. ಹೋಳಿ ಹುಣ್ಣಿಮೆಯ ಬೆನ್ನಿಗೆ ನಮ್ಮೂರಿನ ಚಾಂಗದೇವರ ಜಾತ್ರೆ ಬರುವಷ್ಟರಲ್ಲಿ ಈ ಹಸಿರೆಲ್ಲ ಮುಗಿದು, ನೆಲ ಬಿರುಕುಬಿಟ್ಟು, ಹೊಲ ಬೋಳಾಗಿರುತ್ತದೆ. ನಾಲ್ಕು ತಿಂಗಳಿನ ಭಾಗ್ಯ ಅದು.

ಹೊಲ ಉಳ್ಳವರ ಮಾತಾಯಿತು. ಹಿತ್ತಲಿನ ಕತೆ ಬೇರೆ. ನವಲಗುಂದ ತಾಲೂಕಿನ ಬಾವಿಗಳ ನೀರು ಸವಳು. ಕುಡಿಯಲು ಕೆರೆಯ ನೀರನ್ನೇ ಹೊತ್ತು ತರಬೇಕಾಗಿತ್ತು. ಅಂಥ ಊರಿನಲ್ಲಿ ಸಿಹಿನೀರನ್ನು ಗಿಡಕ್ಕೆ ಹಾಕುವ ಧೈರ್ಯ ಯಾರಿಗಿತ್ತು? ಆದರೂ ಪ್ರತಿ ಹಿತ್ತಲಿನಲ್ಲಿ ಹಸಿರು ಇತ್ತು. ಇದರ ಗುಟ್ಟು ಬಚ್ಚಲಿನಲ್ಲಿತ್ತು. ಬಚ್ಚಲಿನ ನೀರು ಗೋಡೆಯ ತೂತಿನಿಂದ ಹೊರಬಿದ್ದು ಮೊದಲು ಕೆಸುವಿನ ಮತ್ತು ಬಾಳೆಯ ಬುಡಕ್ಕೆ, ಅಲ್ಲಿಂದ ಕಾಲುವೆಯಲ್ಲಿ ಹರಿದು ತೊಂಡೆಯ ಬಳ್ಳಿಗೆ, ಹೀರೆಗೆ, ಚಪ್ಪರದವರೆಗೆ, ಕೊನೆಗೆ ನುಗ್ಗೆಯ ಮರಕ್ಕೆ ಹೋಗುತ್ತಿತ್ತು. ಅಕ್ಕಿ ತೊಳೆದ ನೀರು, ಕಾಯಿಪಲ್ಲೆ ತೊಳೆದ ನೀರು ಮಾತ್ರ ಹಸಿಯಾಗಿ ತಿನ್ನುವ ಸೊಪ್ಪಿನ ಮಡಿಗೆ. ಈ ಭೇದವನ್ನು ಯಾವ ಕೃಷಿ ಅಧಿಕಾರಿಯೂ ಬಂದು ಕಲಿಸಿರಲಿಲ್ಲ. ಹೀರೆ, ಕುಂಬಳದ ಬೀಜಗಳನ್ನು ಸೆಗಣಿಯ ಕುಳ್ಳಿನಲ್ಲಿ ಒತ್ತಿ ಗೋಡೆಗೆ ಬಡಿದು ಒಣಗಿಸುತ್ತಿದ್ದರು. ಅವರೆ, ಚವಳಿ ಬೀಜಗಳು ಒಲೆಯ ಬೂದಿಯಲ್ಲಿ ಹೊರಳಿ ಗಡಿಗೆ ಸೇರುತ್ತಿದ್ದವು. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ಎಂಟು ಬಕೀಟು ಸ್ನಾನದ ನೀರೆಂದು ಹಿಡಿದರೂ ನೂರೈವತ್ತು ಲೀಟರಿನಷ್ಟಾಗುತ್ತದೆ. ಅಷ್ಟು ನೀರು ಒಂದು ಸಣ್ಣ ಹಿತ್ತಲಿಗೆ ಧಾರಾಳವಾಯಿತು. ವಿಶ್ವ ಆರೋಗ್ಯ ಸಂಸ್ಥೆ ಒಬ್ಬ ಮನುಷ್ಯ ದಿನಕ್ಕೆ 400 ಗ್ರಾಂ ಹಣ್ಣು-ತರಕಾರಿ ತಿನ್ನಬೇಕೆನ್ನುತ್ತದೆ. ನನ್ನ ತಾಯಿ ಅದನ್ನು ತೂಗಿ ನೋಡಿದವಳಲ್ಲ. ತಾಟಿನಲ್ಲಿ ಹಸಿರು ಕಾಣದಿದ್ದರೆ "ಉಣ್ಣೂದು ಬರೇ ಹಿಟ್ಟಾತು" ಎಂದು ಗೊಣಗುತ್ತ ಹಿತ್ತಲಿಗೆ ನಡೆಯುತ್ತಿದ್ದಳು.

ಹಗಲು ಹೊರಗೆ, ರಾತ್ರಿ ಒಳಗೆ. ಚಳಿಗಾಲದ ರಾತ್ರಿ ಊಟವಾದ ಮೇಲೆ ಪಡಸಾಲೆಯಲ್ಲಿ ಒಂದು ಕಂದೀಲು, ಅದರ ಸುತ್ತ ಮನೆಮಂದಿ. ಬಿತ್ತಲಿಕ್ಕೆ ಬೇಕಾದ ಶೇಂಗಾ ಒಡೆಯುವುದು, ಹತ್ತಿ ಬಿಡಿಸುವುದು, ದೇವರಿಗೆ ಹೂಬತ್ತಿ ಹೊಸೆಯುವುದು, ಹಳೆಯ ಸೀರೆ-ಧೋತರಗಳನ್ನು ಪದರುಗೂಡಿಸಿ ಕೌದಿ ಹೊಲಿಯುವುದು. ಕೌದಿಯ ನಾಲ್ಕು ಮೂಲೆಗೆ ನಾಲ್ಕು ಹೆಂಗಸರು ಕುಳಿತರೆ ನಡುವಿನ ಜಾಗ ಹುಡುಗರದ್ದು. ಸೂಜಿಗೆ ದಾರ ಪೋಣಿಸಿ ಕೊಡುವುದು ಅವರ ಚಾಕರಿ, ಅದಕ್ಕೆ ಕೂಲಿ ಒಂದು ಒಡಪು ಅಥವಾ ಒಂದು ಕತೆ. ಕೆಲಸವಿಲ್ಲದ ರಾತ್ರಿ ಪಗಡೆ. (ನವಲಗುಂದದ ಜಮಖಾನಗಳ ನಡುವೆ ಪಗಡೆಯ ಹಾಸನ್ನೇ ನೇಯ್ದಿರುವುದನ್ನು ನೀವು ನೋಡಿದ್ದೀರಿ. ಅವುಗಳನ್ನೂ ಮುಸಲ್ಮಾನ ಮನೆಗಳ ಹೆಣ್ಣುಮಕ್ಕಳು ಮನೆಯೊಳಗೆ, ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕುಳಿತೇ ನೇಯುತ್ತ ಬಂದವರು. ಆ ಜಮಖಾನಕ್ಕೆ ಇಂದು ಭೌಗೋಳಿಕ ಗುರುತಿನ ಮಾನ್ಯತೆ ಇದೆ. ನೇಯುವ ಕೈಗಳು ಮಾತ್ರ ಕಡಿಮೆಯಾಗಿವೆ.) ಎಳ್ಳಮಾವಾಸ್ಯೆಯ ಹಿಂದಿನ ರಾತ್ರಿಯಂತೂ ಮನೆ ಮಲಗುತ್ತಲೇ ಇರಲಿಲ್ಲ. ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಶೇಂಗಾಹೋಳಿಗೆ, ಕರಿಗಡಬು, ಎಣ್ಣೆಗಾಯಿ, ಪುಂಡಿಪಲ್ಯ. ಮರುದಿನ ಚರಗ ಚೆಲ್ಲಲು ಚಕ್ಕಡಿ ಕಟ್ಟಿಕೊಂಡು ಹೊಲಕ್ಕೆ.

ಇವೆಲ್ಲಕ್ಕಿಂತ ಹೆಚ್ಚಾಗಿ ನಾನು ಹೇಳಬೇಕೆಂದಿರುವುದು ಕುಸುರೆಳ್ಳಿನ ಮಾತು. ಸಂಕ್ರಾಂತಿಗೆ ಪೇಟೆಯಿಂದ ಬಣ್ಣಬಣ್ಣದ ಪಾಕೀಟು ತರುವ ನಮ್ಮ ಮೊಮ್ಮಕ್ಕಳಿಗೆ ಅದು ಮನೆಯಲ್ಲಿ ಹುಟ್ಟುವ ವಸ್ತುವೆಂಬುದೇ ತಿಳಿಯದು. ಎಳ್ಳನ್ನು ನೆನೆಸಿ, ಉಜ್ಜಿ, ಸಿಪ್ಪೆ ಕಳೆದು, ಒಣಗಿಸಿ ಬೆಳ್ಳಗೆ ಮಾಡಬೇಕು. ಸಕ್ಕರೆಯ ಪಾಕಕ್ಕೆ ತುಸು ಹಾಲು ಹಾಕಿ ಕುದಿಸಿದರೆ ಕಸವೆಲ್ಲ ಮೇಲೆ ತೇಲುತ್ತದೆ; ಅದನ್ನು ತೆಗೆದು ತೆಳುಬಟ್ಟೆಯಲ್ಲಿ ಸೋಸಿ, ಪಾಕವನ್ನು ತೆಳುವಾಗಿಯೇ ಇಟ್ಟುಕೊಳ್ಳಬೇಕು. ಶೇಗಡಿಯಲ್ಲಿ ಬೂದಿ ಮುಚ್ಚಿದ ಕೆಂಡ, ಅದರ ಮೇಲೆ ಅಗಲವಾದ ಪರಾತ, ಪರಾತದಲ್ಲಿ ಒಂದು ಹಿಡಿ ಎಳ್ಳು. ಚಮಚದ ತುದಿಯಿಂದ ಪಾಕವನ್ನು ಹನಿಸುವುದು, ಬೆರಳುಗಳಿಂದ ಎಳ್ಳನ್ನು ತಿರುವುತ್ತ ಹೋಗುವುದು. ಆ ಹನಿ ಪೂರ್ತಿ ಆರಿ ಎಳ್ಳಿನ ಮೈಮೇಲೆ ಸಕ್ಕರೆಯ ಹರಳಾಗುವವರೆಗೆ ಇನ್ನೊಂದು ಹನಿ ಹಾಕುವಂತಿಲ್ಲ. ಹೀಗೆ ಒಂದು ರಾತ್ರಿಯಲ್ಲ, ಎರಡು-ಮೂರು ರಾತ್ರಿ. ಮೊದಲ ರಾತ್ರಿ ಎಳ್ಳು ಬರೀ ಬಿಳುಪಾಗುತ್ತದೆ. ಎರಡನೆಯ ರಾತ್ರಿ ತುಸು ದಪ್ಪ. ಮೂರನೆಯ ರಾತ್ರಿ, ಕೈ ಒಳ್ಳೆಯದಿದ್ದರೆ, ಅದರ ಮೈಯೆಲ್ಲ ಮುಳ್ಳು ಏಳುತ್ತವೆ; ಒಂದೊಂದು ಕಾಳೂ ಸಣ್ಣದೊಂದು ನಕ್ಷತ್ರದಂತೆ ಕಾಣುತ್ತದೆ. ಇದು ಒಣಚಳಿಯಲ್ಲಿ ಮಾತ್ರ ಆಗುವ ಕೆಲಸ. ಗಾಳಿಯಲ್ಲಿ ತೇವವಿದ್ದರೆ ಅಥವಾ ಬೆಂಕಿ ಹೆಚ್ಚಾದರೆ ಮುಳ್ಳು ಏಳುವುದಿಲ್ಲ. ಮೋಡ ಕವಿದ ದಿನ ನಮ್ಮ ತಾಯಿ ಪರಾತವನ್ನು ಮುಟ್ಟುತ್ತಲೇ ಇರಲಿಲ್ಲ.

ನೀವೆಲ್ಲ 'ಅವ್ವಾರು' ಎಂದು ಕರೆಯುತ್ತಿದ್ದ ನನ್ನ ಪತ್ನಿ ಈ ಕೆಲಸವನ್ನು ನಮ್ಮ ತಾಯಿಯ ಪಕ್ಕದಲ್ಲಿ ಕುಳಿತು ಕಲಿತಳು. ಅವಳ ಕುಸುರೆಳ್ಳು ನಮ್ಮ ಓಣಿಯಲ್ಲಿ ಹೆಸರಾಗಿತ್ತು. ಹೊಸದಾಗಿ ಮದುವೆಯಾದ ಹುಡುಗಿಯರಿಗೆ, ಎಳೆಯ ಕೂಸುಗಳಿಗೆ ಅವಳು ಕುಸುರೆಳ್ಳಿನ ಸರ ಕಟ್ಟಿಕೊಡುತ್ತಿದ್ದಳು.

ಇನ್ನು ನನ್ನ ತಪ್ಪಿನ ಮಾತಿಗೆ ಬರುತ್ತೇನೆ. 1994ರ ಬೇಸಿಗೆಯಲ್ಲಿ, ಕೈಯಲ್ಲಿ ತುಸು ದುಡ್ಡು ಕೂಡಿದಾಗ, ನಾನು ಮನೆ ದುರಸ್ತಿ ಮಾಡಿಸಿದೆ. ಹಳೆಯ ಬಚ್ಚಲನ್ನು ಕೆಡವಿ ಸಿಮೆಂಟಿನ ಬಾತ್‌ರೂಮು ಕಟ್ಟಿಸಿದೆ, ಅದರ ನೀರನ್ನು ಪೈಪಿನಲ್ಲಿ ಓಣಿಯ ಗಟಾರಿಗೆ ಬಿಟ್ಟೆ. ಹಿತ್ತಲಿಗೆ ತುದಿಯಿಂದ ತುದಿಯವರೆಗೆ ಶಹಾಬಾದ್ ಫರಸಿ ಹಾಸಿಸಿದೆ. ಸೊಳ್ಳೆ ಇರಬಾರದು, ರಾಡಿ ಇರಬಾರದು, ಮಾಸ್ತರರ ಮನೆ ಸ್ವಚ್ಛತೆಗೆ ಮಾದರಿಯಾಗಬೇಕು ಎಂಬುದು ನನ್ನ ವಿಚಾರ. ಅವಳು ಒಂದೇ ಮಾತು ಕೇಳಿದಳು: "ಅಷ್ಟೂ ಮುಚ್ಚಬ್ಯಾಡ್ರಿ. ಬಚ್ಚಲ ಮುಂದ ನಾಕ್ ಹೆಜ್ಜಿ ಮಣ್ಣು ಬಿಡ್ರಿ, ಅವರಿ ಬಳ್ಳಿಗೆ." ನಾನು ತುಳಸಿಕಟ್ಟೆಯ ಸುತ್ತ ಒಂದು ಗೇಣು ಬಿಟ್ಟೆ. ಕಾಯಿಪಲ್ಲೆಯನ್ನು ಪೇಟೆಯಿಂದ ತರೋಣ, ಈಗ ಬಸ್ಸು ಬೇಕಾದಷ್ಟಿವೆ ಎಂದೆ. ನೆರೆಯವರು ಬಂದು ನೋಡಿ ಹೊಗಳಿದರು. ಇಬ್ಬರು ತಮ್ಮ ಹಿತ್ತಲಿಗೂ ಹಾಸಿಸಿದರು.

ಅದರ ಮುಂದಿನ ಜನವರಿ ನನ್ನ ಮಗಳು ಎಸ್.ಎಸ್.ಎಲ್.ಸಿ.ಯಲ್ಲಿದ್ದಳು. ಸಂಕ್ರಾಂತಿಗೆ ಇನ್ನೂ ನಾಲ್ಕು ದಿನವಿತ್ತು. ತಾಯಿಯ ಪಕ್ಕದಲ್ಲಿ ಪರಾತದ ಮುಂದೆ ಕುಳಿತವಳನ್ನು ಕಂಡು, "ಎಳ್ಳು ತಿರುವಿದ್ರ ಮಾರ್ಕ್ಸ್ ಬರೂದಿಲ್ಲ, ಏಳು, ಗಣಿತ ತಗೊಂಡು ಕುಂದುರು" ಎಂದು ಎಬ್ಬಿಸಿದೆ. ಎದ್ದು ಹೋದಳು. ಮಾರ್ಕ್ಸು ಬಂದವು. ಇಂಜಿನಿಯರಾದಳು, ಪುಣೆಯಲ್ಲಿ ಸುಖವಾಗಿದ್ದಾಳೆ. ಆ ರಾತ್ರಿಯಿಂದ ಮುಂದಿನ ಇಪ್ಪತ್ತು ವರ್ಷ ನನ್ನ ಪತ್ನಿ ಪರಾತದ ಮುಂದೆ ಒಬ್ಬಳೇ ಕುಳಿತಳು. ನಾನು ಎಂಟು ಅಡಿ ದೂರದಲ್ಲಿ ಆರಾಮಕುರ್ಚಿಯಲ್ಲಿ ವರ್ತಮಾನಪತ್ರಿಕೆ ಓದುತ್ತಿದ್ದೆ.

ಅವಳು 2017ರಲ್ಲಿ ತೀರಿಕೊಂಡಳು. ಅಡುಗೆಮನೆಯ ಮೇಲಟ್ಟದಲ್ಲಿ ಒಂದು ಹಾರ್ಲಿಕ್ಸ್ ಬಾಟಲಿ ಸಿಕ್ಕಿತು. ಬೂದಿಯಲ್ಲಿ ಒಂದು ಹಿಡಿ ಚಪ್ಪರದವರೆಯ ಬೀಜ. ಇಪ್ಪತ್ತಮೂರು ವರ್ಷ ಹಳೆಯವೋ, ನಡುವೆ ಯಾರದಾದರೂ ಹಿತ್ತಲಿನಲ್ಲಿ ಬೆಳೆಸಿ ಹೊಸದು ಮಾಡಿಟ್ಟಿದ್ದಳೋ ನನಗೆ ತಿಳಿಯದು. ಕೇಳಬೇಕೆಂದು ನನಗೆ ಎಂದೂ ಅನಿಸಿರಲಿಲ್ಲ. ಕುಂಡದಲ್ಲಿ ಹಾಕಿದೆ. ಒಂದೂ ಮೊಳೆಯಲಿಲ್ಲ.

ಎರಡು ವರ್ಷಗಳ ತರುವಾಯ ಮಗಳು ಕೇಳಿದಳು: "ಅಪ್ಪಾ, ಅವ್ವ ಪಾಕ ಎಷ್ಟು ತೆಳು ಇಡತಿದ್ದಳು? ಎಳಿ ಬರಬೇಕೋ ಬ್ಯಾಡೋ?" ನಾನು ಮೂವತ್ತೇಳು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿದವನು. ಉತ್ತರವಿಲ್ಲದ ಹುಡುಗ ಬೆಂಚಿನ ಮೇಲೆ ಹೇಗೆ ನಿಲ್ಲುತ್ತಾನೆಂಬುದು ಆ ದಿನ ತಿಳಿಯಿತು.

ಮೂರು ವರ್ಷಗಳ ಹಿಂದಿನ ಸಂಕ್ರಾಂತಿಗೆ ಹಟ ಹಿಡಿದು ನಾನೇ ಕುಳಿತೆ. ಮೂರು ರಾತ್ರಿ ತಿರುವಿದೆ. ಅದನ್ನು ಡಬ್ಬಿಯಲ್ಲಿ ಹಾಕಿಕೊಂಡು ನನ್ನ ಅಣ್ಣನ ಮನೆಗೆ ಹೋಗಿ ವೈನಿಯವರ ಮುಂದೆ ಇಟ್ಟೆ. ಎಂಬತ್ತು ದಾಟಿದ ಜೀವ. ಕಾಳುಗಳನ್ನು ಅಂಗೈಯಲ್ಲಿ ಹರಡಿ ನೋಡಿ ನಕ್ಕರು.

"ಮಾಸ್ತರ, ಇದು ಕುಸುರೆಳ್ಳಲ್ಲ, ಶಾಬೂದಾಣಿ. ಪಾಕ ಹನಿಸಿಲ್ಲ, ಸುರುವೀರಿ. ಬೆಂಕಿ ಹೆಚ್ಚಾಗೈತಿ. ಮತ್ತ ನಡುವ ಕೈ ಬಿಟ್ಟೀರಿ."

"ಕೈ ಬಿಟ್ಟದ್ದು ನಿಮಗ ಹೆಂಗ ತಿಳೀತು ವೈನಿ?"

"ಒಂದಕ್ಕೊಂದು ಅಂಟ್ಯಾವಲ್ಲ. ಫೋನ್ ಬಂದಿರಬೇಕು."

ಫೋನು ಬಂದದ್ದು ನಿಜ.

ಈಗ ಅಭಿಪ್ರಾಯದ ಮಾತು. ಮಕ್ಕಳನ್ನು ಮನೆಯ ಕೆಲಸದಿಂದ, ಹಿರಿಯರ ಸಂಗದಿಂದ ಮೊಬೈಲು ದೂರ ಮಾಡಿತೆಂದು ನನ್ನ ವಯಸ್ಸಿನವರು ಕಟ್ಟೆಯ ಮೇಲೆ ಕುಳಿತು ದಿನವೂ ಬಯ್ಯುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಮೊಬೈಲು ಬರುವ ಮೊದಲೇ, ಅದೂ ನಮ್ಮ ಕೈಯಿಂದಲೇ, ಆ ಕೆಲಸ ಮುಗಿದಿತ್ತು. ಪರಾತದ ಮುಂದಿನಿಂದ ಮಗುವನ್ನು ಎಬ್ಬಿಸಿದವರು ನಾವು. ಹಿತ್ತಲಿಗೆ ಫರಸಿ ಹಾಸಿದವರು ನಾವು. ಓದಿದವರು, ಸಂಬಳದವರು, ಅದರಲ್ಲಿಯೂ ಮಾಸ್ತರರು. ಕೈಕೆಲಸವೆಂದರೆ ಓದು ಬಾರದವರ ಪಾಲಿನದೆಂದು ಬಾಯಿಬಿಟ್ಟು ಹೇಳದಿದ್ದರೂ ನಡೆದು ತೋರಿಸಿದೆವು. ತೆರವಾದ ಜಾಗಕ್ಕೆ ಆಮೇಲೆ ಮೊಬೈಲು ಬಂದು ಕುಳಿತಿತು. ಆದ್ದರಿಂದ ಅದನ್ನು ಮರಳಿ ಕಟ್ಟುವ ಹೊಣೆಯೂ ಮಕ್ಕಳದ್ದಲ್ಲ, ಸರ್ಕಾರದ್ದೂ ಅಲ್ಲ, ಅಜ್ಜಂದಿರದ್ದು.

ಶಾಲೆಗಳು ಮಾಡಲಿ ಎನ್ನುವವರಿದ್ದಾರೆ. ಶಾಲೆಯಲ್ಲಿ ಇದರ ಗತಿ ಏನಾಗುತ್ತದೆಂದು ನಾನು ಎರಡೂ ಕಡೆಯಿಂದ ಕಂಡವನು. 1937ರಲ್ಲಿ ವರ್ಧಾದಲ್ಲಿ ಗಾಂಧೀಜಿ ಮೂಲಶಿಕ್ಷಣದ ವಿಚಾರ ಮುಂದಿಟ್ಟರು. ಝಾಕಿರ್ ಹುಸೇನರ ಸಮಿತಿ ಅದರ ಪಠ್ಯಕ್ರಮ ರೂಪಿಸಿತು. ಕೈಕೆಲಸದ ಮೂಲಕವೇ ಗಣಿತ, ಭಾಷೆ, ವಿಜ್ಞಾನ ಕಲಿಸುವ ಆ ವಿಚಾರ ಇಂದಿಗೂ ನನಗೆ ಸರಿಯೆಂದೇ ತೋರುತ್ತದೆ. ನಾನು ಶಾಲೆಗೆ ಸೇರಿದಾಗ ನಮ್ಮ ಧಾರವಾಡ ಜಿಲ್ಲೆ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು, ನಮಗೆಲ್ಲ ಕೈಗೊಂದು ತಕಲಿ ಕೊಟ್ಟಿದ್ದರು. ಇನ್ಸ್‌ಪೆಕ್ಟರು ಬರುವ ದಿನ ನಾವು ನೂಲುತ್ತಿದ್ದೆವು. ಉಳಿದ ದಿನಗಳಲ್ಲಿ ತಕಲಿ ಬುಗುರಿಯಾಗುತ್ತಿತ್ತು. 1977ರ ಈಶ್ವರಭಾಯಿ ಪಟೇಲ್ ಸಮಿತಿಯ ತರುವಾಯ 'ಸಮಾಜೋಪಯೋಗಿ ಉತ್ಪಾದಕ ಕಾರ್ಯ' ಎಂಬ ಉದ್ದ ಹೆಸರಿನ ವಿಷಯ ಬಂದಿತು. ಆಗ ನಾನು ಮೇಜಿನ ಈಚೆಗಿದ್ದೆ. ಅಂಕಪಟ್ಟಿಯಲ್ಲಿ ಅದಕ್ಕೊಂದು ಕಾಲಂ ಇತ್ತು, ನಾನು ಎಲ್ಲರಿಗೂ 'ಉತ್ತಮ' ಎಂದು ಬರೆಯುತ್ತಿದ್ದೆ. ಅಂಕಕ್ಕಾಗಿ ಮಾಡಿಸಿದ ಕೈಕೆಲಸ ಅಂಕ ಬಂದ ಮರುದಿನ ಸಾಯುತ್ತದೆ.

ಶಾಲಾ ಕೈತೋಟದ ಬಗ್ಗೆ ಮಾತ್ರ ನನ್ನದೊಂದು ತಕರಾರಿದೆ, ಅದನ್ನು ದಾಖಲಿಸಲೇಬೇಕು. 2019ರಲ್ಲಿ ಕೇಂದ್ರ ಸರ್ಕಾರ ಶಾಲಾ ಪೌಷ್ಟಿಕ ಕೈತೋಟಗಳಿಗೆ ಮಾರ್ಗಸೂಚಿ ಹೊರಡಿಸಿತು. ಬಿಸಿಯೂಟದ ಸಾರಿಗೆ ಮಕ್ಕಳು ಬೆಳೆದ ಸೊಪ್ಪು ಬೀಳಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ ನಾನು ಕಂಡಂತೆ ಎಲ್ಲ ಉತ್ಸಾಹವೂ ಜೂನ್ 5ರ ಪರಿಸರ ದಿನದ ಸುತ್ತ ಹುಟ್ಟಿ ಅಲ್ಲಿಯೇ ಮುಗಿಯುತ್ತದೆ. ಜೂನ್ ತಿಂಗಳು ಕೆಂಪುಮಣ್ಣಿನ ಊರುಗಳಿಗೆ ಸರಿ. ನಮ್ಮ ಎರೆಮಣ್ಣಿನಲ್ಲಿ ಶ್ರಾವಣದ ಮಳೆಗೆ ನೀರು ನಿಂತು ಸೊಪ್ಪಿನ ಮಡಿ ಕೊಳೆಯುತ್ತದೆ. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರೆ ಸೀಮೆಯಲ್ಲಿ ಶಾಲೆಯ ತೋಟ ದಸರಾ ರಜೆಯ ಮರುದಿನ ಪ್ರಾರಂಭವಾಗಬೇಕು. ನವೆಂಬರಿನಲ್ಲಿ ಮೆಂತ್ಯ, ಡಿಸೆಂಬರಿನಲ್ಲಿ ಮೂಲಂಗಿ, ಜನವರಿಯಲ್ಲಿ ಹಕ್ಕರಿಕೆ. ಬೇಸಿಗೆಯ ರಜೆಗೆ ಮೊದಲೇ ಎಲ್ಲ ಮುಗಿದು ಬೀಜ ಡಬ್ಬಿ ಸೇರಿರುತ್ತದೆ, ರಜೆಯಲ್ಲಿ ನೀರು ಹಾಕುವವರು ಯಾರೆಂಬ ಪ್ರಶ್ನೆಯೇ ಏಳುವುದಿಲ್ಲ. ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಈಗ ಶಿಕ್ಷಕರಾಗಿದ್ದೀರಿ. ಆದೇಶದ ದಾರಿ ಕಾಯದೆ ಒಮ್ಮೆ ಮಾಡಿ ನೋಡಿ.

ಇದನ್ನೆಲ್ಲ ಬರೆಯುವಾಗ ಎರಡು ಆಕ್ಷೇಪಗಳು ನನಗೇ ಹೊಳೆದವು. ಒಂದು, ಇಷ್ಟು ಹೊಗಳುವ ಆ ರಾತ್ರಿಗಳು ಹೆಂಗಸರ ನಿದ್ದೆಯಿಂದ ಕಟ್ಟಿದವು. ಹದಿನಾಲ್ಕು ಜನರಿಗೆ ರೊಟ್ಟಿ ಬಡಿದ ಕೈಗಳೇ ಬಿಸಿ ಪರಾತದಲ್ಲಿ ತಿರುಗುತ್ತಿದ್ದವು. ನನ್ನ ಪತ್ನಿಯ ಬೆರಳ ತುದಿಗಳು ಪುಷ್ಯಮಾಸ ಮುಗಿಯುವವರೆಗೆ ಉರಿಯುತ್ತಿದ್ದವು. ಹೆಂಗಸರನ್ನು ಮತ್ತೆ ಅಲ್ಲಿಗೆ ಕೂಡಿಸಿ ಗಂಡಸರು ಪತ್ರಿಕೆ ಓದುವುದಾದರೆ ಆ ಸಂಪ್ರದಾಯ ಹೋದದ್ದೇ ಒಳ್ಳೆಯದಾಯಿತು. ಎರಡು, ಹಿತ್ತಲು ಎಲ್ಲರಿಗೂ ಇರಲಿಲ್ಲ. ಗೋಡೆಗೆ ಗೋಡೆ ಹತ್ತಿದ ಕೇರಿಗಳಿಂದ ಬಂದ ನನ್ನ ವಿದ್ಯಾರ್ಥಿಗಳು 'ನಮ್ಮ ಹಿತ್ತಲು' ಎಂಬ ಪ್ರಬಂಧ ಬರೆಯಲು ಹೇಳಿದಾಗ ಖಾಲಿ ಹಾಳೆ ಕೊಟ್ಟದ್ದು ನನಗೆ ನೆನಪಿದೆ. ನಾನು ಅವರಿಗೆ ಕಡಿಮೆ ಗುಣ ಹಾಕಿದ್ದೆ. ಅವರಲ್ಲೊಬ್ಬನ ತಾಯಿ ಒಡೆದ ಗಡಿಗೆಯಲ್ಲಿ ಕುಂಬಳದ ಬೀಜ ಊರಿ ಬಳ್ಳಿಯನ್ನು ಮಾಳಿಗೆಯ ಮೇಲೆ ಹಬ್ಬಿಸಿ ಓಣಿಗೆಲ್ಲ ಕಾಯಿ ಹಂಚಿದ್ದಳು. ಅದನ್ನು ಅವನು ಪ್ರಬಂಧದಲ್ಲಿ ಬರೆಯಲಿಲ್ಲ, ಅದು ಹಿತ್ತಲಲ್ಲವಲ್ಲ.

ಆ ಗಡಿಗೆಯ ನೆನಪಿನಿಂದಲೇ ಟೊರಾಂಟೊದ ಮಗಳಿಗೆ ಉತ್ತರ ಹೇಳುತ್ತೇನೆ. ಯಾವ ಕಿಟ್ಟನ್ನೂ ಕೊಳ್ಳಬೇಡ, ತಾಯಿ. ಅಡುಗೆಯ ಮೆಂತ್ಯವನ್ನು ಒಂದು ರಾತ್ರಿ ನೆನೆಯಿಡು. ಎರಡು ಇಂಚು ಮಣ್ಣು ಹಿಡಿಯುವ ಯಾವುದಾದರೂ ತಟ್ಟೆಗೆ ನೀರು ಬಸಿಯುವ ತೂತು ಮಾಡಿ, ಬೀಜ ಒತ್ತಾಗಿ ಹರಡಿ, ತೆಳುವಾಗಿ ಮಣ್ಣು ಮುಚ್ಚಿ ದಕ್ಷಿಣದ ಕಿಟಕಿಯಲ್ಲಿಡು. ನಿಮ್ಮ ಚಳಿಗಾಲದ ಸೂರ್ಯ ಆ ಕಡೆಯೇ ಇರುತ್ತಾನೆ. ಬಿಸಿಲು ಸಾಲದೆ ಗಿಡ ತೆಳ್ಳಗೆ, ಉದ್ದಗೆ ಬೆಳೆಯುತ್ತದೆ, ಚಿಂತೆಯಿಲ್ಲ. ಮೂರರಿಂದ ನಾಲ್ಕು ವಾರಕ್ಕೆ ಕತ್ತರಿಸಬಹುದು. ಬೆಳ್ಳುಳ್ಳಿಯ ಎಸಳು, ಮೊಳೆತ ಉಳ್ಳಾಗಡ್ಡಿ ಊರಿದರೆ ತಪ್ಪಲು ಅದಕ್ಕಿಂತ ಬೇಗ ಬರುತ್ತದೆ. ಇದರಿಂದ ಮನೆಮಂದಿಯ ಹೊಟ್ಟೆ ತುಂಬುತ್ತದೆಂದು ನಾನು ಹೇಳುವುದಿಲ್ಲ, ಒಂದು ಹೊತ್ತಿನ ಪಲ್ಯವಾದೀತು. ನೀರು ಹಾಕುವ ಕೆಲಸ ಮಕ್ಕಳದ್ದಾಗಲಿ, ಮರೆತರೆ ನೀನು ಹಾಕಬೇಡ. ಬಾಡಿದರೆ ಬಾಡಲಿ, ಮತ್ತೆ ಬಿತ್ತಲಿ. ಇನ್ನು ಕುಸುರೆಳ್ಳು: ನಿನಗೆ ಒಣಚಳಿ ದೇವರು ಕೊಟ್ಟಷ್ಟಿದೆ. ಹೀಟರು ಹಚ್ಚಿದ ಕೋಣೆಯ ಗಾಳಿ ನಮ್ಮ ಪುಷ್ಯದ ಗಾಳಿಗಿಂತ ಒಣಗಿರುತ್ತದೆಂದು ಕೇಳಿದ್ದೇನೆ. ಪರಾತದ ಮುಂದೆ ಮೊದಲು ನಿನ್ನ ಯಜಮಾನರನ್ನು ಕೂಡಿಸು. ಬೆಂಕಿಯ ಮೇಲಿನ ಸರದಿ ದೊಡ್ಡವರದ್ದು. ಕೆಳಗಿಳಿಸಿ ಬೆಚ್ಚಗಾದ ಮೇಲೆ ತಿರುವುವ ಸರದಿ ಮಕ್ಕಳದ್ದು. ಒಬ್ಬರು ತಿರುವುವಾಗ ಇನ್ನೊಬ್ಬರು ಒಂದು ಒಡಪು ಹೇಳಬೇಕು, ಇದು ನಮ್ಮ ಮನೆಯ ಕಾನೂನಾಗಿತ್ತು.

ನನ್ನ ಮನೆಯ ವರ್ತಮಾನ ಹೇಳಿ ಮುಗಿಸುತ್ತೇನೆ. ಕಳೆದ ಬೇಸಿಗೆಯಲ್ಲಿ ಗೌಂಡಿಯನ್ನು ಕರೆಸಿ ಬಾತ್‌ರೂಮಿನ ಹೊರಗಿನ ಹನ್ನೆರಡು ಫರಸಿ ಎಬ್ಬಿಸಿದೆ. "ಹಾಕಿಸಿದವರೂ ನೀವ, ಕೀಳಸವರೂ ನೀವ" ಎಂದು ಅವನು ನಕ್ಕ. ಪೈಪನ್ನು ಗಟಾರದಿಂದ ತಿರುಗಿಸಿ ಕಲ್ಲು-ಮರಳು ತುಂಬಿದ ಗುಂಡಿಗೆ ಬಿಟ್ಟೆ. ಈಗಿನ ಸಾಬೂನು, ಶಾಂಪೂ ನಮ್ಮ ತಾಯಿಯ ಕಾಲದ ಸೀಗೆಪುಡಿಯಲ್ಲವಲ್ಲ. ಗುಂಡಿಯ ಅಂಚಿಗೆ ಕೆಸು, ಬಾಳೆ. ಮುಂದೆ ಹೀ‌ರೆ, ತೊಂಡೆ. ಹಸಿ ತಿನ್ನುವ ಸೊಪ್ಪಿಗೆ ಅಡುಗೆಮನೆಯ ನೀರು ಮಾತ್ರ. ಮೂವತ್ತು ವರ್ಷ ಕಲ್ಲಿನ ಕೆಳಗಿದ್ದ ಮಣ್ಣು ಗಟ್ಟಿಯಾಗಿ ಇಟ್ಟಂಗಿಯಂತಿತ್ತು. ಎರಡು ಚಕ್ಕಡಿ ತಿಪ್ಪೆಗೊಬ್ಬರ ಕುಡಿದ ಮೇಲೆ ತುಸು ಮೆತ್ತಗಾಗಿದೆ. ಮೂಲಂಗಿ ಈ ಸಲ ಬೆರಳುಗಾತ್ರಕ್ಕೇ ನಿಂತವು. ಹಕ್ಕರಿಕೆ ಚೆನ್ನಾಗಿ ಬಂದಿತು. ಅವರೆಯ ಬೀಜವನ್ನು ಅಣ್ಣಿಗೇರಿಯಿಂದ ತಂದು ಹಾಕಿದ್ದೇನೆ. ಬಳ್ಳಿ ಹಬ್ಬಿದೆ, ಕಾಯಿಯೂ ಬಿಟ್ಟಿದೆ. ಅವಳ ಅವರೆಗೆ ಅಂಚಿನಲ್ಲಿ ನೇರಳೆಯ ಗೆರೆಯಿತ್ತು, ಇದಕ್ಕಿಲ್ಲ.

ಈ ಸಂಕ್ರಾಂತಿಗೆ ಮಗಳು ಮೊಮ್ಮಗಳೊಡನೆ ಪುಣೆಯಿಂದ ನಾಲ್ಕು ದಿನ ಮೊದಲೇ ಬಂದಳು. ವೈನಿಯವರನ್ನು ಕರೆತಂದು ಗೋಡೆಗೆ ದಿಂಬು ಕೊಟ್ಟು ಕೂಡಿಸಿದೆವು. ಅವರು ಏನನ್ನೂ ಮುಟ್ಟಲಿಲ್ಲ, ಕಣ್ಣಿನಿಂದಲೇ ಮಾಡಿಸಿದರು. ಮೂರನೆಯ ರಾತ್ರಿ ಹನ್ನೊಂದರ ಸುಮಾರಿಗೆ ಕನ್ನಡಕ ಸರಿಮಾಡಿಕೊಂಡು ಪರಾತದಿಂದ ಒಂದು ಚಿಟಿಕೆ ಎತ್ತಿ ದೀಪಕ್ಕೆ ಹಿಡಿದರು. "ಇದರಾಗ ಒಂದ ಎಂಟು-ಹತ್ತಕ್ಕ ಮುಳ್ಳು ಬಂದಾವ" ಎಂದರು. ಮೊಮ್ಮಗಳು ಅವನ್ನು ಆರಿಸಿ ಬೇರೆ ಡಬ್ಬಿಯಲ್ಲಿ ಹಾಕಿಕೊಂಡಳು. ಉಳಿದದ್ದನ್ನು ಊರಿಗೆಲ್ಲ ಹಂಚಿದೆವು.

ಎಬ್ಬಿಸಿದ ಹನ್ನೆರಡು ಫರಸಿಗಳು ಇನ್ನೂ ಹಿತ್ತಲ ಗೋಡೆಗೆ ಒರಗಿ ನಿಂತಿವೆ. ಮೊನ್ನೆ ಪಕ್ಕದ ಮನೆಯ ತರುಣ ಬಂದು, "ಕಾಕಾರ, ಹೆಂಗೂ ನಿಮಗ ಬ್ಯಾಡ ಆಗ್ಯಾವ, ನಮ್ಮ ಹಿತ್ತಲಕ್ಕ ಹಾಸಾಕ ಕೊಡ್ರಿ" ಎಂದು ಕೇಳಿದ್ದಾನೆ. ಅವನಿಗೆ ಇನ್ನೂ ಏನೂ ಹೇಳಿಲ್ಲ.